ಕುರ್ಚಿಯ ಸದ್ದೂ ಸೇರಿ

ನನ್ನ ಗಂಡ ಇಂದ್ರೇಶನಿಗೆ ಬರುವುದು ಒಂದೇ ಇಂಗ್ಲಿಷ್ ಹಾಡು. ಆದರೆ ಅದು ಹತ್ತು ಹನ್ನೆರಡು ಜನರ ದನಿಯಲ್ಲಿ ಬರುತ್ತದೆ. ಅಷ್ಟೂ ಜನರ ಜೊತೆ ನಾನು ಸಿಡ್ನಿಯ ಎಪ್ಪಿಂಗಿನ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಮಾಡಿದ್ದೇನೆ.

ಹಾಡಿನ ಹೆಸರು ‘ಯುವರ್ ಪ್ಲೇಟ್ ಈಸ್ ಸ್ಟಿಲ್ ವಾರ್ಮ್’. ನಿನ್ನ ತಟ್ಟೆ ಇನ್ನೂ ಬೆಚ್ಚಗಿದೆ ಅಂತ. ಅರವತ್ತರ ದಶಕದಲ್ಲಿ ಅಮೆರಿಕದ ದಕ್ಷಿಣದ ಕಡೆಯ ಡೊರೀಟಾ ಪಿಮ್ ಎಂಬಾಕೆ ಹಾಡಿದ್ದು. ಅದರ ಜಾತಿ ರಿದಮ್ ಅಂಡ್ ಬ್ಲೂಸ್; ಹಾಗಂದರೇನು ಅಂತ ಮದುವೆಯ ಹೊಸತರಲ್ಲಿ ನಾನೇ ಬಾಯಿಬಿಟ್ಟು ಕೇಳಿದ್ದೆ. ಅವನು ಒಂದು ಇಡೀ ಭಾನುವಾರ ವಿವರಿಸಿದ. ನನಗೆ ಅರ್ಥವಾದದ್ದು ಇಷ್ಟೇ: ತಾಳ ಕುಣಿ ಅನ್ನುತ್ತದೆ, ಮಾತು ಅಳು ಅನ್ನುತ್ತದೆ, ಕೇಳುವವರು ಎರಡರ ನಡುವೆ ಕಾಲು ತಟ್ಟುತ್ತಾ ಕೂತಿರಬೇಕು. ಹಾಡಿನ ಹೆಂಗಸು ಗಂಡನಿಗೆ ಬಡಿಸಿಟ್ಟು ಕಾಯುತ್ತಾಳೆ. ಮೂರು ಚರಣ ಕಾಯುತ್ತಾಳೆ. ಅವನು ಬರುವುದಿಲ್ಲ, ಹಾಡು ಮುಗಿಯುತ್ತದೆ. ನಾನಾಗಿದ್ದರೆ ಮೊದಲನೇ ಚರಣಕ್ಕೇ ಉಂಡು ಕೈತೊಳೆಯುತ್ತಿದ್ದೆ.

ಈ ಹಾಡನ್ನು ಆಮೇಲೆ ಯಾರ‍್ಯಾರೋ ಹಾಡಿದರು. ಇಂಗ್ಲೆಂಡಿನ ನಾಲ್ಕು ಹುಡುಗರು ಅವಸರ ಅವಸರವಾಗಿ ಹಾಡಿದರು. ಅವರ ತಟ್ಟೆ ಬೆಚ್ಚಗಿದ್ದದ್ದರಲ್ಲಿ ಆಶ್ಚರ್ಯವಿಲ್ಲ, ಆರುವುದಕ್ಕೆ ಸಮಯವನ್ನೇ ಕೊಟ್ಟಿಲ್ಲ. ಡಿಸ್ಕೋ ಕಾಲದಲ್ಲಿ ಒಬ್ಬಾಕೆ ನಗುನಗುತ್ತಾ ಹಾಡಿದಳು. ಆಸ್ಟ್ರೇಲಿಯಾದ ಪಬ್ ಬ್ಯಾಂಡೊಂದು, ಊಟಕ್ಕೆ ಬಾರದವನನ್ನು ಹುಡುಕಿ ಹೊಡೆಯುವ ಹಾಗೆ ಕಿರುಚಿತು. ಇಂದ್ರೇಶ ಕೆಲಸ ಮಾಡುವ ಚಾಟ್ಸ್‌ವುಡ್ಡಿನ ಕಟ್ಟಡದ ಲಿಫ್ಟಿನಲ್ಲಿ ಅದೇ ಹಾಡು ಬರೀ ಸ್ಯಾಕ್ಸೊಫೋನಿನಲ್ಲಿ ಬರುತ್ತದೆ, ಮಾತೇ ಇಲ್ಲ. ಅದು ಶುರುವಾಗಿದ್ದರೆ ಇವನು ತನ್ನ ಮಹಡಿಯಲ್ಲಿ ಇಳಿಯದೆ ಮೇಲಿನವರೆಗೂ ಹೋಗಿ, ಹಾಡು ಮುಗಿದ ಮೇಲೆ ಕೆಳಗೆ ಬಂದು ಕೆಲಸಕ್ಕೆ ಕೂರುತ್ತಾನೆ. ಮ್ಯಾನೇಜರ್ ಒಮ್ಮೆ ಕೇಳಿದ್ದಕ್ಕೆ ಲಿಫ್ಟ್ ನಿಧಾನ ಅಂದನಂತೆ.

ಇವನು ಇವರೆಲ್ಲರನ್ನೂ ಹಾಡುತ್ತಾನೆ. ಅಂದರೆ ಹಾಡನ್ನಲ್ಲ, ಅವರನ್ನು. ಡೊರೀಟಾ ಪಿಮ್ ಮೂರನೇ ಚರಣದಲ್ಲಿ ಉಸಿರು ತೆಗೆದುಕೊಳ್ಳುವಾಗ ಹಿಂದೆ ಯಾರೋ ಕುರ್ಚಿ ಸರಿಸಿದ ಸದ್ದು ರೆಕಾರ್ಡಿನಲ್ಲಿ ಉಳಿದುಬಿಟ್ಟಿದೆ. ಇಂದ್ರೇಶ ಆ ಕುರ್ಚಿಯನ್ನೂ ಗಂಟಲಿನಲ್ಲಿ ಸರಿಸುತ್ತಾನೆ.

ಇದು ಅವನ ತಪ್ಪಲ್ಲ, ಅವನು ಬೆಳೆದ ಆರ್ಕೆಸ್ಟ್ರಾದ ಗುಣ. ಇಂದ್ರೇಶ ಮಳವಳ್ಳಿಯವನು. ಕಾಲೇಜಿನ ದಿನಗಳಲ್ಲಿ ಹಿರಿಯಣ್ಣ ಎಂಬವರ ವಾದ್ಯಗೋಷ್ಠಿಯಲ್ಲಿ ಗಣಪತಿ ಪೆಂಡಾಲುಗಳಲ್ಲಿ ಹಾಡುತ್ತಿದ್ದ. ಹಿರಿಯಣ್ಣನವರದ್ದು ಒಂದೇ ನಿಯಮ: ಕ್ಯಾಸೆಟ್ಟಿನಲ್ಲಿ ಹೇಗಿದೆಯೋ ಹಾಗೆ. ಅಲ್ಲಿ ಗಾಯಕರು ಕೆಮ್ಮಿದ್ದರೆ ನೀನೂ ಕೆಮ್ಮು. ಜನ ಕಣ್ಣು ಮುಚ್ಚಿದರೆ ದೊಡ್ಡ ಗಾಯಕರೇ ಮಳವಳ್ಳಿಗೆ ಬಂದಿದ್ದಾರೆ ಅನ್ನಿಸಬೇಕು. ಒಮ್ಮೆ ಹೊಸ ಗಾಯಕನೊಬ್ಬ ಪಲ್ಲವಿಯಲ್ಲಿ ತನ್ನದೊಂದು ಸಣ್ಣ ಎಳೆತ ಸೇರಿಸಿದ್ದಕ್ಕೆ ಮುಂದಿನ ಸಾಲಿನವರು ಎದ್ದು ನಿಂತು, ಹಾಡು ಕೆಡಿಸಿದ ಅಂತ ಮೈಕ್ ಕಿತ್ತುಕೊಂಡರಂತೆ. ಇನ್ನೊಬ್ಬರ ಹಾಡಿಗೆ ಕೈ ಹಾಕುವುದು, ಅವರ ಮನೆಯ ಸಾರಿಗೆ ನಾವು ಉಪ್ಪು ಹಾಕಿದ ಹಾಗೆ ಅಂತ ಇಂದ್ರೇಶ ಈಗಲೂ ನಂಬಿದ್ದಾನೆ.

ನಾನು ಇವನನ್ನು ನೋಡಿದ್ದು ಸಿಡ್ನಿಯಲ್ಲೇ, ಇಬ್ಬರೂ ಸ್ಟೂಡೆಂಟ್ ಆಗಿದ್ದಾಗ, ಕನ್ನಡದವರ ಒಂದು ಗಣೇಶನ ಹಬ್ಬದಲ್ಲಿ. ವೇದಿಕೆ ಮೇಲೆ ಒಂದು ಹಳೆಯ ಭಾವಗೀತೆ ಹಾಡಿದ. ಮೈಸೂರಿನ ನಮ್ಮ ಮನೆಯ ರೇಡಿಯೋ ಎದ್ದು ಬಂದು ಎದುರು ನಿಂತಂತಾಯಿತು. ನಾನು ಅಲ್ಲೇ ಮನಸ್ಸು ಕೊಟ್ಟೆ. ನಾನು ಒಪ್ಪಿಕೊಂಡ ದನಿ ಇವನದಲ್ಲ ಅಂತ ತಿಳಿದದ್ದು ಮದುವೆಯಾದ ಮೇಲೆ. ಇವನದು ಅಂತ ಇದ್ದ ದನಿ ಒಂದೇ, ಅದು ‘ಹೂಂ’ ಅನ್ನುತ್ತಿತ್ತು.

ನಾನು ಸಾಫ್ಟ್‌ವೇರ್ ಟೆಸ್ಟರ್. ಯಾವುದು ಎಲ್ಲಿ ಮುರಿಯುತ್ತದೆ ಅಂತ ಹುಡುಕುವುದೇ ನನ್ನ ಕೆಲಸ, ಆ ಕೆಲಸವನ್ನು ನಾನು ಆಫೀಸಿನಲ್ಲಿ ಬಿಟ್ಟು ಬರುವವಳಲ್ಲ. ರೆಂಟ್ ಜಾಸ್ತಿಯಾಯಿತು, ಮನೆ ಬದಲಿಸೋಣವಾ? ಹೂಂ. ನಮ್ಮಮ್ಮನಿಗೆ ಮಂಡಿ ಆಪರೇಷನ್, ನಾನು ಒಂದು ತಿಂಗಳು ಹೋಗಿಬರಲಾ? ಹೂಂ. ನಿನಗೆ ನನ್ನ ಮಾತು ಕೇಳಿಸುತ್ತಿದೆಯಾ? ಹೂಂ. ಕಿವಿಯ ಮೇಲೆ ದೊಡ್ಡ ಕಪ್ಪು ಹೆಡ್‌ಫೋನು, ಮುಖದಲ್ಲಿ ಪೂಜೆಗೆ ಕೂತವನ ಶಾಂತಿ. ಜಗಳ ಮಾಡಿದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಎಷ್ಟು ವರ್ಷ ಗುದ್ದುವುದು? ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಡೇಪಕ್ಷ ಕಿವಿಯನ್ನಾದರೂ ಅಲ್ಲಾಡಿಸುತ್ತದೆ.

ಕೊನೆಗೆ ಹೋದ ವರ್ಷ ಒಂದು ಸಂಜೆ, ಹುರುಳಿಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಾ, ಮೆಲ್ಬರ್ನಿನಲ್ಲಿ ನನಗೊಂದು ಕೆಲಸ ಸಿಕ್ಕಿದೆ, ಬಾಕ್ಸ್ ಹಿಲ್‌ನಲ್ಲಿ, ಹೋಗಲಾ ಅಂತ ಕೇಳಿದೆ. ಅವನು ಊಟದ ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಹೂಂ ಅಂದ. ಬೇರೆ ಊರಿಗೆ, ಬೇರೆ ಮನೆಗೆ, ಒಬ್ಬಳೇ ಹೋಗುತ್ತೇನೆ ಅಂದರೂ ಇವನಿಗೆ ಕೇಳಿಸಲಿಲ್ಲವಲ್ಲ ಅಂತ ನನಗೆ ಮೈಯೆಲ್ಲ ಉರಿದುಹೋಯಿತು. ಎರಡನೇ ಸಲ ಕೇಳಲಿಲ್ಲ. ಪಲ್ಯ ಬಡಿಸಿ ಬಾಡಿಗೆ ಮನೆ ಹುಡುಕಲು ಕೂತೆ.

ಸಿಡ್ನಿಯ ಕನ್ನಡದವರಿಗೆಲ್ಲ ನಾನು ಕೆಲಸಕ್ಕಾಗಿ ಹೋದೆ ಅಂತಲೇ ಲೆಕ್ಕ. ವಸಂತಾ ಆಂಟಿ ಒಬ್ಬರು ಮಾತ್ರ, ಇಬ್ಬರಿಗೂ ಎರಡು ಕಡೆ ರೆಂಟ್ ಕಷ್ಟ ಅಲ್ಲವೇನಮ್ಮ ಅಂತ ಫೋನಿನಲ್ಲಿ ಕೆದಕಿ ನೋಡಿದರು. ನಾನು ನೆಟ್‌ವರ್ಕ್ ಸರಿಯಿಲ್ಲ ಅಂದೆ. ನಿಜ ಗೊತ್ತಿದ್ದದ್ದು ಬಾಕ್ಸ್ ಹಿಲ್‌ನಲ್ಲಿ ನಾನು ಜೊತೆಗಿದ್ದ ಗೆಳತಿ ಅನಘಾಗೆ ಮಾತ್ರ: ಬೇರೆಯಾಗೋಣ ಅಂತ ಅವನಿಗೆ ಹೇಳಬೇಕು. ಅದನ್ನು ಫೋನಿನಲ್ಲಿ ಹೇಳುವುದು ನನಗೆ ಇಷ್ಟವಿರಲಿಲ್ಲ, ಯಾಕೆಂದರೆ ಅದಕ್ಕೂ ಅವನು ಹೂಂ ಅನ್ನುತ್ತಾನೆ. ಎದುರು ಕೂತು, ಹೆಡ್‌ಫೋನ್ ತೆಗೆಸಿ ಹೇಳಬೇಕಿತ್ತು.

ಅವಕಾಶ ತಾನಾಗಿ ಬಂತು. ಬಾಕ್ಸ್ ಹಿಲ್ ಹತ್ತಿರ ಒಂದು ಬೌಲ್ಸ್ ಕ್ಲಬ್ಬಿದೆ, ವಯಸ್ಸಾದವರು ಬಿಳಿ ಬಟ್ಟೆ ತೊಟ್ಟು ಹುಲ್ಲಿನ ಮೇಲೆ ಚೆಂಡು ಉರುಳಿಸುವ ಜಾಗ. ಅಲ್ಲಿ ವರ್ಷಕ್ಕೊಂದು ಭಾನುವಾರ ಮಧ್ಯಾಹ್ನ ಒಂದೇ ಹಾಡನ್ನು ಬಂದವರೆಲ್ಲ ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ರೀತಿಯಲ್ಲಿ ಹಾಡುತ್ತಾರೆ. ಈ ವರ್ಷದ ಹಾಡು ಯಾವುದು ಅಂತ ಹೇಳಬೇಕಾಗಿಲ್ಲ. ಅನಘಾ ಆ ಪೋಸ್ಟರನ್ನು ಫೇಸ್‌ಬುಕ್ಕಿನಲ್ಲಿ ಹಾಕಿದಳು. ಅವಳು ಹಾಕಿದ್ದು ತಮಾಷೆಗೆ, ಇಂದ್ರೇಶ ಅರ್ಧ ಗಂಟೆಯೊಳಗೆ ಹೆಸರು ಕೊಟ್ಟ.

ಹೆಸರು ಕೊಟ್ಟವರು ಮೊದಲೇ ಹಾಡಿ ಕಳಿಸಬೇಕಿತ್ತು. ಇವನು ಡೊರೀಟಾ ಪಿಮ್ ಹಾಡಿದ್ದನ್ನು ಯಥಾವತ್ ಹಾಡಿ ಕಳಿಸಿದ. ಕಾರ್ಯಕ್ರಮ ನಡೆಸುವ ಬೆವ್ ಎಂಬ ಅಜ್ಜಿ ತಾನೇ ಫೋನ್ ಮಾಡಿ, ತುಂಬಾ ಚೆನ್ನಾಗಿದೆ, ಆದರೆ ಆ ರೆಕಾರ್ಡು ನಮ್ಮ ಹತ್ತಿರ ಇದೆಯಲ್ಲ ಅಂದಳಂತೆ. ಇವನು ಇಂಗ್ಲಿಷ್ ಹುಡುಗರದ್ದು ಕಳಿಸಿದ. ಅದೂ ಇದೆ ಅಂದಳು. ಪಬ್ ಬ್ಯಾಂಡಿನದು ಕಳಿಸಿದ ಮೇಲೆ ಅವಳು ನಿಯಮವನ್ನು ಬಿಡಿಸಿ ಹೇಳಿದಳು: ಇದುವರೆಗೆ ಯಾರೂ ಕೇಳಿರದ ಹಾಡಿಕೆಯಾಗಬೇಕು, ನಿನ್ನದೇ ಆಗಿರಬೇಕು.

ಆವತ್ತು ಅವನೇ ನನಗೆ ಫೋನ್ ಮಾಡಿದ. ಅದೊಂದು ಅಪರೂಪ. ಹಿರಿಯಣ್ಣನವರ ಇಡೀ ವಾದ್ಯಗೋಷ್ಠಿಯನ್ನೇ ಯಾರೋ ಬೈದ ಹಾಗೆ ಕಂಗಾಲಾಗಿದ್ದ. ಒಂದು ಸ್ವರವೂ ತಪ್ಪಿಲ್ಲ, ಕುರ್ಚಿಯ ಸದ್ದೂ ಸೇರಿ ಎಲ್ಲಾ ಇದೆ, ಆದರೂ ಬೇಡ ಅನ್ನುತ್ತಾರೆ ಅಂದ. ನನಗೆ ಒಳಗೊಳಗೇ ಖುಷಿಯಾಯಿತು. ಸರಿಯಾಗೇ ಹೇಳಿದ್ದಾರೆ, ಒಂದು ಸಲವಾದರೂ ನಿನ್ನದೇ ಆಗಿ ಹಾಡು ಅಂದೆ.

ಅವನು ಕೇಳಿದ: “ನನ್ನದು ಅಂದ್ರೆ ಯಾರ ಥರ?”

ಫೋನ್ ಇಟ್ಟ ಮೇಲೆ ಅನಘಾಗೆ ಹೇಳಿದೆ, ನೋಡು, ನಾನು ಬಿಟ್ಟು ಬಂದದ್ದು ಇದಕ್ಕೇ. ಅವಳು ಪಾಪ ಅಂದಳು. ಯಾರಿಗೆ ಪಾಪ ಅಂತ ನಾನು ಕೇಳಲಿಲ್ಲ. ಆಮೇಲೆ ಅವನು ಏನು ಹಾಡಿ ಕಳಿಸಿದನೋ, ಬೆವ್ ಒಪ್ಪಿಕೊಂಡಳು ಅಂತಷ್ಟೇ ಮೆಸೇಜ್ ಬಂತು.

ಭಾನುವಾರ ಬೆಳಿಗ್ಗೆಯ ವಿಮಾನಕ್ಕೆ ಬಂದು, ಸಂಜೆಯ ವಿಮಾನಕ್ಕೆ ಹಿಂದಿರುಗುವ ಟಿಕೆಟ್ ಬುಕ್ ಮಾಡಿಕೊಂಡಿದ್ದ. ಕ್ಲಬ್ಬಿನ ಬಾಗಿಲಲ್ಲಿ ಸಿಕ್ಕ. ಇಸ್ತ್ರಿ ಮಾಡಿದ ನೀಲಿ ಅಂಗಿ, ಕೈಯಲ್ಲಿ ಏನೂ ಇಲ್ಲ. ಸ್ವಲ್ಪ ಸೊರಗಿದ್ದ. ಊಟ ಆಯ್ತಾ ಅಂತ ಕೇಳಿದೆ, ಆಯ್ತು ಅಂದ. ಇಷ್ಟು ತಿಂಗಳ ಮೇಲೆ ಗಂಡ ಹೆಂಡತಿ ಎದುರು ನಿಂತು ಆಡಿದ ಮಾತು ಇದು. ಕಾರ್ಯಕ್ರಮ ಮುಗಿದ ಮೇಲೆ ಐದು ನಿಮಿಷ ಮಾತಾಡಬೇಕು ಅಂದೆ. ಹೇಳಬೇಕಾದ ವಾಕ್ಯವನ್ನು ಹಿಂದಿನ ದಿನವೇ ಸಿದ್ಧ ಮಾಡಿಕೊಂಡಿದ್ದೆ. ಚಿಕ್ಕ ವಾಕ್ಯ, ಬಿರುಸಿಲ್ಲ, ಎಲ್ಲಿಯೂ ಮುರಿಯುವಂಥದ್ದಲ್ಲ. ಅವನು ಹೂಂ ಅಂದು ವೇದಿಕೆಯ ಹಿಂದೆ ಹೋದ.

ಹಾಲಿನ ತುಂಬಾ ಜನ. ಮೊದಲು ಪುಟ್ಟ ಗಿಟಾರು ಹಿಡಿದ ಅಜ್ಜಿಯರ ಒಂದು ಗುಂಪು ಆ ಹಾಡನ್ನು ಹುಟ್ಟುಹಬ್ಬದ ಹಾಡಿನ ಹಾಗೆ ಹಾಡಿತು. ನಂತರ ಬ್ಯಾಗ್‌ಪೈಪ್ ಊದುವವನು ಬಂದ. ಅವನು ಮುಗಿಸಿದ ಮೇಲೂ ಪೈಪು ಸ್ವಲ್ಪ ಹೊತ್ತು ಊಳಿಡುತ್ತಾ ಕಾಯುತ್ತಲೇ ಇತ್ತು. ಬಾಕ್ಸ್ ಹಿಲ್ಲಿನ ಚೀನೀ ಹಿರಿಯರ ಕೂಟದವರು ತಮ್ಮ ಭಾಷೆಯಲ್ಲಿ ಹಾಡಿದರು. ಅವರಿಗೆ ಬಡಿಸಿಟ್ಟು ಕಾಯುವುದರ ಅನುಭವ ಇದ್ದಂತಿತ್ತು, ಮುಂದಿನ ಸಾಲಿನ ಒಬ್ಬ ಮುದುಕ ಕನ್ನಡಕ ತೆಗೆದು ಒರೆಸಿಕೊಂಡ. ನಾನು ನನ್ನ ವಾಕ್ಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಕೂತಿದ್ದೆ.

ಬೆವ್ ಬಂದು ಇಂದ್ರೇಶನ ಹೆಸರನ್ನು ಹೇಗೋ ಹೇಳಿ, ಇದು ನಾನು ಎಲ್ಲೂ ಕೇಳಿರದ್ದು ಅಂದಳು. ಇವನು ಮೈಕ್ ಮುಂದೆ ನಿಂತು, ಡ್ರಮ್ಮಿನವನಿಗೂ ಗಿಟಾರಿನವನಿಗೂ ಬೇಡ ಅಂತ ಕೈಸನ್ನೆ ಮಾಡಿದ. ಕಣ್ಣು ಮುಚ್ಚಿದ.

ಹಾಡು ಎರಡನೇ ಸಾಲಿನಿಂದ ಶುರುವಾಯಿತು. ಮೊದಲ ಸಾಲು ಗೊತ್ತಿಲ್ಲದವರು ಹಾಡುವ ಹಾಗೆ. ಸಣ್ಣ, ಸ್ವಲ್ಪ ಮೂಗಿನ ಹೆಣ್ಣು ದನಿ, ಶ್ರುತಿ ಅರ್ಧ ಮೆಟ್ಟಿಲು ಕೆಳಗೆ. ಮಾತು ಮರೆತಲ್ಲಿ ‘ತನನ ತಾನ’. ಒಂದು ಕಡೆ ತಾಳ ಓಡತೊಡಗಿತು, ಯಾರೋ ಏನನ್ನೋ ಜೋರಾಗಿ ಹೆಚ್ಚುತ್ತಿದ್ದಾರೆ ಅನ್ನುವ ಹಾಗೆ, ಆಮೇಲೆ ತಟ್ಟನೆ ನಿಧಾನವಾಯಿತು. ಜನ ನಗತೊಡಗಿದರು. ನಾನೂ ನಕ್ಕೆ. ಇದು ಯಾರ ರೆಕಾರ್ಡು, ಇಂಥದ್ದೊಂದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲವಲ್ಲ ಅಂದುಕೊಂಡೆ. ಎರಡನೇ ಚರಣಕ್ಕೆ ಮೊದಲು ಆ ಹೆಂಗಸು ಹಾಡು ನಿಲ್ಲಿಸಿ, “ಕುಕ್ಕರ್ ಎಷ್ಟು ಕೂಗ್ತು?” ಅಂತ ಯಾರನ್ನೋ ಕನ್ನಡದಲ್ಲಿ ಕೇಳಿ, ಉತ್ತರ ಬಾರದೆ, “ಯಾರನ್ನ ಕೇಳ್ತಿದೀನಿ ನಾನು” ಅಂತ ತನಗೇ ಹೇಳಿಕೊಂಡು, ಬಿಟ್ಟ ಸಾಲಿಗೆ ಮರಳಿದಳು.

ಅನಘಾ ತಿರುಗಿ ನನ್ನ ಮುಖ ನೋಡಿದಳು. ನಾನು ಅವಳನ್ನು ಏನು ಅಂತ ಕೇಳಿದೆ. ಕೇಳಿದ ದನಿ ನನಗೇ ಕೇಳಿಸಿತು. ವೇದಿಕೆಯ ಮೇಲಿದ್ದದ್ದೂ ಅದೇ ದನಿ.

ನನಗೆ ಆದದ್ದು ಸಂತೋಷ ಅಂತ ಹೇಳಿದರೆ ಸುಳ್ಳಾಗುತ್ತದೆ. ಸೀರೆಯ ಸೆರಗು ಹಿಂದಿನಿಂದ ಬಿಚ್ಚಿಕೊಂಡು ಊರೆಲ್ಲ ನೋಡಿದ ಮೇಲೆ ಗೊತ್ತಾದಂತೆ ಆಯಿತು. ನಾನು ಆ ಹಾಡನ್ನು ಹಾಡುತ್ತಿದ್ದೆ ಅಂತ ನನಗೇ ತಿಳಿದಿರಲಿಲ್ಲ. ಆ ಹಾಡೆಂದರೆ ನನಗೆ ಆಗುವುದಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ಆದರೆ ಅವನು ಹಾಡುತ್ತಾ ಹೋದ. ನನ್ನ ನಿಟ್ಟುಸಿರು, ಬಿಸಿ ಪಾತ್ರೆ ಮುಟ್ಟಿದಾಗಿನ ಸ್ಸ್, ಅಮ್ಮನ ನೆನಪಾದಾಗ ದನಿ ದಪ್ಪವಾಗುವುದು, ಎಲ್ಲವೂ ಇತ್ತು. ಅಣಕ ಅನ್ನಲು ಒಂದು ಎಳೆಯೂ ಹೆಚ್ಚಿರಲಿಲ್ಲ. ಡೊರೀಟಾ ಪಿಮ್‌ಗೆ ಕೊಟ್ಟ ಮರ್ಯಾದೆಯನ್ನೇ ನನಗೂ ಕೊಟ್ಟಿದ್ದ. ಜನ ನಗುವುದನ್ನು ನಿಲ್ಲಿಸಿದ್ದರು.

ಮೂರನೇ ಚರಣದ ನಡುವೆ, ಸಾಲಿನ ನಡುವೆ, ಒಂದು ಪದದ ಅರ್ಧದಲ್ಲಿ ಅವನು ನಿಂತುಬಿಟ್ಟ. ಮರೆತನೇನೋ ಅಂತ ಬೆವ್ ಕುರ್ಚಿಯಿಂದಲೇ, ಮುಂದಿನ ಸಾಲು ಹೇಳಿಕೊಡಲಾ ಅಂತ ಕೇಳಿದಳು.

“ನೋ,” ಅಂದ ಇಂದ್ರೇಶ. “ಶಿ ಸ್ಟಾಪ್ಡ್ ಹಿಯರ್.”

ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೆಳಗಿಳಿದ. ಇದೂ ಒಂದು ಕಲೆ ಅಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಾನು ಹೊರಗೆ ಹೋದೆ. ಅವನು ಹಿಂದೆಯೇ ಬಂದ. ಕ್ಲಬ್ಬಿನ ಎದುರಿಗೊಂದು ಬಸ್ ಸ್ಟಾಪು, ಅದರ ಬೆಂಚಿನ ಮೇಲೆ ಕೂತೆವು. ಅವನನ್ನು ಏರ್‌ಪೋರ್ಟಿಗೆ ಬಿಡಬೇಕಾಗಿದ್ದ ಅನಘಾ ಸ್ವಲ್ಪ ದೂರದಲ್ಲಿ ಕಾರಿನೊಳಗೆ ಕೂತಳು. ನನ್ನ ಸಿದ್ಧ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಬೇರೆ ಮಾತು ಬಂತು.

“ನಾನು ಹಾಡೋದು ನಿನಗೆ ಹೇಗೆ ಗೊತ್ತು? ನೀನು ಯಾವಾಗಲೂ ಹೆಡ್‌ಫೋನ್ ಹಾಕ್ಕೊಂಡೇ ಕೂತಿರ್ತಿದ್ದೆ.”

“ನೀನು ಹಾಡೋಕೆ ಶುರು ಮಾಡಿದ್ರೆ ಆಫ್ ಮಾಡ್ತಿದ್ದೆ,” ಅಂದ. “ತೆಗೆದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ಅದಕ್ಕೆ ಹಾಕ್ಕೊಂಡೇ ಇರ್ತಿದ್ದೆ.”

ಎಷ್ಟು ವರ್ಷಗಳಿಂದ ಅಂತ ಕೇಳಿದೆ. ಎಪ್ಪಿಂಗಿಗೆ ಬಂದಾಗಿನಿಂದ ಅಂದ. ಏನೂ ಕೇಳಿಸದ ಹೆಡ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು, ಒಬ್ಬ ಗಂಡಸು ವರ್ಷಗಟ್ಟಲೆ ಅಡುಗೆಮನೆಗೆ ಬೆನ್ನು ಹಾಕಿ ಕೂತು ನನ್ನನ್ನು ಕೇಳಿದ್ದಾನೆ. ನನಗೆ ಅಳು ಬರುವುದರಲ್ಲಿತ್ತು, ಬರಲಿ ಅಂತಲೂ ಇದ್ದೆ. ಅಷ್ಟರಲ್ಲಿ ನನ್ನೊಳಗಿನ ಟೆಸ್ಟರ್ ಎದ್ದು ಕೂತಳು.

ಆ ಹುರುಳಿಕಾಯಿ ಪಲ್ಯದ ದಿನ, ಮೆಲ್ಬರ್ನಿಗೆ ಹೋಗಲಾ ಅಂತ ನಾನು ಕೇಳಿದ ದಿನ, ಹೆಡ್‌ಫೋನು ಆನ್ ಇತ್ತಾ ಆಫ್ ಇತ್ತಾ ಅಂತ ಕೇಳಿದೆ.

ಅವನು ರಸ್ತೆ ನೋಡಿದ. “ನೀನು ಹಾಡ್ತಾ ಇದ್ದೆ. ಮೂರನೇ ಚರಣದಲ್ಲಿ ಇದ್ದೆ. ಅರ್ಧಕ್ಕೆ ಬಿಟ್ಟು ಅದನ್ನ ಕೇಳಿದೆ. ಆಮೇಲೆ ಆ ಮನೇಲಿ ನೀನು ಹಾಡಲೇ ಇಲ್ಲ.”

“ಹಾಗಾದ್ರೆ ಕೇಳಿಸಿತ್ತು.”

“ಕೇಳಿಸಿತ್ತು. ನಿನಗೆ ಹೋಗೋ ಮನಸ್ಸಿತ್ತು ಅಂತ ದನೀಲೇ ಗೊತ್ತಾಯ್ತು. ಬೇಡ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ.”

ಅಳು ಎಲ್ಲಿ ಹೋಯಿತೋ. ಕೇಳಿಸಿರಲಿಲ್ಲ ಅಂತ ನಂಬಿದ್ದಾಗ ಇವನನ್ನು ಬಿಡುವುದು ಎಷ್ಟು ಸಲೀಸಾಗಿತ್ತು. ಕಿವುಡನ ಮೇಲೆ ಯಾರಾದರೂ ಎಷ್ಟು ಸಿಟ್ಟು ಮಾಡಿಕೊಳ್ಳಲು ಸಾಧ್ಯ? ಆದರೆ ನನ್ನ ಹಾಡಿಗೆ ಕಾದು ಕೂತ ಇವನಿಗೆ ಎಲ್ಲವೂ ಕೇಳಿಸಿದೆ. ಮನೆ ಬದಲಿಸೋಣ ಅಂದದ್ದು, ಅಮ್ಮನ ಮಂಡಿ, ನಾನು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತದ್ದು, ಎಲ್ಲ. ಕೇಳಿಸಿ, ಗಮಕವೂ ಬಿಡದೆ ಬಾಯಿಪಾಠ ಮಾಡಿಕೊಂಡು, ಹೂಂ ಅಂದಿದ್ದಾನೆ. ಬೇರೆಯಾಗೋಣ ಅನ್ನುವ ಆ ಚಿಕ್ಕ ವಾಕ್ಯ ನನ್ನ ಈ ಸಿಟ್ಟಿಗೆ ಎಲ್ಲಿಗೂ ಸಾಲುವಂತಿರಲಿಲ್ಲ.

ಹಾಗಾಗಿ ನಾನು ಹಳೆಯದನ್ನೆಲ್ಲ ಕೆದಕಲು ಶುರು ಮಾಡಿದೆ. ಹೋದ ವರ್ಷದಿಂದ ಹಿಂದಕ್ಕೆ ಒಂದೊಂದಾಗಿ ತೆಗೆದೆ. ಬಸ್ಸು ಬಂದು ಬಾಗಿಲು ತೆರೆಯಿತು, ಡ್ರೈವರ್ ನಮ್ಮಿಬ್ಬರನ್ನು ನೋಡಿ ಮುಚ್ಚಿಕೊಂಡು ಹೋದ. ಇಂದ್ರೇಶ ಮೊದಲು ತಡವರಿಸಿದ. ನಾನು ಬಿಡಲಿಲ್ಲ. ಮನೆ ಬದಲಿಸುವ ಮಾತಿಗೆ ಬಂದಾಗ, ನೀನು ತೋರಿಸಿದ ಹೊಸ ಮನೆಯ ಅಡುಗೆಮನೆ ಬಾಗಿಲು ಹಾಕುವಂಥದ್ದಾಗಿತ್ತು, ನಿನ್ನ ಹಾಡು ಕೇಳಿಸುತ್ತಿರಲಿಲ್ಲ, ಅದಕ್ಕೆ ನನಗೆ ಬೇಡವಾಗಿತ್ತು ಅಂದ. ಅದನ್ನು ಆವತ್ತೇ ಹೇಳಲು ನಿನಗೇನು ಧಾಡಿಯಾಗಿತ್ತು ಅಂದೆ. ನೀನು ಕೇಳೋದು ಪ್ರಶ್ನೆ ಥರ ಇರಲ್ಲ, ತೀರ್ಮಾನದ ಥರ ಇರುತ್ತೆ ಅಂತ ಅವನೂ ದನಿ ಏರಿಸಿದ. ಒಡಕು ದನಿ, ಮಳವಳ್ಳಿಯ ಎಳೆತ, ಚೂರೂ ಇಂಪಿಲ್ಲ. ಅದನ್ನು ನಾನು ಎಲ್ಲೂ ಕೇಳಿರಲಿಲ್ಲ.

ಅನಘಾ ಕಾರಿನೊಳಗಿಂದ ಕೈಗಡಿಯಾರ ಮುಟ್ಟಿ ತೋರಿಸಿದಳು. ಇಬ್ಬರೂ ನೋಡಿದೆವು, ಇಬ್ಬರೂ ಮಾತು ಮುಂದುವರಿಸಿದೆವು. ಆಮೇಲೆ ಅವಳು ತೋರಿಸುವುದನ್ನು ಬಿಟ್ಟು ಡಂಪ್ಲಿಂಗ್ ತಿನ್ನಲು ಹೋದಳು. ಸಿಡ್ನಿಯ ವಿಮಾನ ಹೊರಡುವ ಹೊತ್ತಿಗೆ ನಾನು ಮದುವೆಯಾದ ಎರಡನೇ ವರ್ಷದ ಜಗಳಕ್ಕೆ ಬಂದಿದ್ದೆ, ಅವನು ಅದಕ್ಕೆ ಉತ್ತರ ಕೊಡುತ್ತಿದ್ದ.